ಹಗಲು ಬಸ್ಸು, ಕಿಟಕಿ ಸೀಟು: ಬೆಂಗಳೂರಿನಿಂದ ಬೆಟ್ಟ ನೋಡಲು ಯಾವ ದಾರಿ ಒಳ್ಳೆಯದು?

ಬೆಂಗಳೂರಿನಿಂದ ಮಂಗಳೂರು, ಉಡುಪಿ, ಧರ್ಮಸ್ಥಳ ಅಂತ ವರ್ಷಕ್ಕೆ ನಾಲ್ಕಾರು ಸಲ ಓಡಾಡುವವರೂ ಘಟ್ಟವನ್ನು ಸರಿಯಾಗಿ ನೋಡಿರುವುದಿಲ್ಲ. ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುತ್ತಾರೆ. ಹಾಸನ ಬರುವ ಮೊದಲೇ ನಿದ್ದೆ. ಕಣ್ಣು ಬಿಟ್ಟರೆ ಮಂಗಳೂರಿನ ಹತ್ತಿರದ ಬಿ.ಸಿ. ರೋಡ್. ನಡುವೆ ಇದ್ದ ಪಶ್ಚಿಮ ಘಟ್ಟ ಕತ್ತಲಲ್ಲೇ ದಾಟಿ ಹೋಗಿರುತ್ತದೆ. ಊರಿಗೆ ಬೇಗ ತಲುಪಬೇಕು, ಒಂದು ರಜೆ ಉಳಿಸಬೇಕು ಅನ್ನುವವರಿಗೆ ಅದೇ ಸರಿ. ಆದರೆ ಬೆಟ್ಟ ನೋಡುವುದಕ್ಕೆಂದೇ ಒಂದು ದಿನ ಇಡಬೇಕು ಅನ್ನುವವರಿಗೆ ಈ ಬರಹ. ಯಾವ ದಾರಿ, ಯಾವ ಬಸ್ಸು, ಯಾವ ಸೀಟು, ಯಾವ ತಿಂಗಳು ಅಂತ ಒಂದಕ್ಕೊಂದು ಹೋಲಿಸಿ ಹೇಳುತ್ತೇನೆ.

ಬೆಟ್ಟ ನೋಡುವುದು ಅಂದ ತಕ್ಷಣ ನಮಗೆ ಕಾರು ನೆನಪಾಗುತ್ತದೆ. ನನ್ನ ಮಟ್ಟಿಗೆ ಬಸ್ಸೇ ಮೇಲು. ಕಾರು ಓಡಿಸುವವರಿಗೆ ಘಾಟಿಯಲ್ಲಿ ರಸ್ತೆ ಬಿಟ್ಟು ಬೇರೇನೂ ನೋಡಲು ಆಗುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ರಸ್ತೆಯಂಚಿನ ತಡೆಗೋಡೆಯೇ ಕಣ್ಣಿಗೆ ಅಡ್ಡ. ಬಸ್ಸಿನ ಸೀಟು ಆ ಗೋಡೆಗಿಂತ ಎತ್ತರದಲ್ಲಿರುತ್ತದೆ. ಕಣಿವೆಯ ತಳದವರೆಗೂ ನೋಟ ಇಳಿಯುತ್ತದೆ. ಮನೆಯವರೆಲ್ಲ ಒಟ್ಟಿಗೆ ನೋಡಬಹುದು, ಯಾರೂ ಸ್ಟೇರಿಂಗ್ ಹಿಡಿದು ಕೂರಬೇಕಿಲ್ಲ.

ಬಸ್ಸು ಆರಿಸುವಾಗ ಜನ ಮೊದಲು ಊರು ನೋಡುತ್ತಾರೆ, ಆಮೇಲೆ ದರ, ಆಮೇಲೆ ಎಸಿ ಇದೆಯೋ ಇಲ್ಲವೋ ಅಂತ. ಬೆಟ್ಟಕ್ಕಾಗಿ ಹೋಗುವವರು ಇದನ್ನು ತಿರುಗಿಸಬೇಕು. ಮೊದಲು ನೋಡಬೇಕಾದ್ದು ಬಸ್ಸು ಘಾಟಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು. ಬೆಂಗಳೂರು ಬಿಡುವ ಸಮಯ ಮುಖ್ಯವೇ ಅಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹತ್ತಿರ. ಜೂನ್‌ನಲ್ಲಿ ಆರಕ್ಕೆ ಮೊದಲೇ. ನವೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಮುಳುಗುತ್ತಾನೆ. ದಟ್ಟ ಕಾಡಿನ ಕಣಿವೆಯಲ್ಲಿ ಇನ್ನೂ ಬೇಗ ಕತ್ತಲಾಗುತ್ತದೆ. ನಿಮ್ಮ ಬಸ್ಸು ಘಾಟಿಯಲ್ಲಿರುವ ಆ ಒಂದು ಗಂಟೆ ಬೆಳಕಿನಲ್ಲಿ ಬಿದ್ದರೆ ಉಳಿದದ್ದೆಲ್ಲ ಹೊಂದಿಸಿಕೊಳ್ಳಬಹುದು.

ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಹಾಗಾಗಿ ಪಶ್ಚಿಮಕ್ಕೆ ಹೋಗುವಾಗ ನಾವು ಬೆಟ್ಟ ಹತ್ತುವುದು ಬಹಳ ಕಡಿಮೆ. ಗಂಟೆಗಟ್ಟಲೆ ಸಮತಟ್ಟಾದ ನೆಲ, ಆಮೇಲೆ ಒಮ್ಮೆಲೇ ಇಳಿಜಾರು. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ ಎಲ್ಲವೂ ಹೀಗೆ ಇಳಿಯುವ ಘಾಟಿಗಳು. ಊಟಿ ದಾರಿ ಬೇರೆ. ಅಲ್ಲಿ ನಿಜವಾಗಿಯೂ ಹತ್ತುತ್ತೇವೆ, 2,240 ಮೀಟರ್‌ವರೆಗೆ. ಇಳಿಯುವ ದಾರಿಯಲ್ಲಿ ಕಣಿವೆ, ಹೊಳೆ, ದಟ್ಟ ಕಾಡು. ಹತ್ತುವ ದಾರಿಯಲ್ಲಿ ಗಿಡಮರ, ಗಾಳಿ, ಚಳಿ ಒಂದೊಂದಾಗಿ ಬದಲಾಗುತ್ತ ಹೋಗುತ್ತವೆ. ನಿಮಗೆ ಯಾವುದು ಬೇಕು ಅಂತ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಶಿರಾಡಿ: ಒಂದೇ ಬಸ್ಸು, ಒಂದೇ ದಿನ

ಬೆಂಗಳೂರಿನವರಿಗೆ ಎಲ್ಲಕ್ಕಿಂತ ಸುಲಭದ ಘಾಟಿ ಇದೇ. ಮಂಗಳೂರಿಗೆ ಸುಮಾರು 350 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75. ಬಸ್ಸು ಬದಲಿಸುವ ತಾಪತ್ರಯ ಇಲ್ಲ. ಬೆಳಗ್ಗೆ ಆರು, ಏಳರೊಳಗೆ ಹೊರಟರೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಸಕಲೇಶಪುರ. ಹಾಸನದವರೆಗೆ ಬೆಟ್ಟದ ಸುಳಿವೇ ಇರುವುದಿಲ್ಲ. ಆಲೂರು ದಾಟಿದ ಮೇಲೆ ಹಸಿರು ಗಾಢವಾಗುತ್ತದೆ. ಸಕಲೇಶಪುರದಲ್ಲಿ ಹೇಮಾವತಿ ಸೇತುವೆ, ಆಮೇಲೆ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದ ಕಾಫಿ ತೋಟಗಳು. ದೋಣಿಗಲ್, ಮಾರನಹಳ್ಳಿ ದಾಟಿದರೆ ಘಾಟಿ ಶುರು. ಅಲ್ಲಿಂದ ಗುಂಡ್ಯದವರೆಗೆ ಕೆಂಪುಹೊಳೆ ಜೊತೆಯಲ್ಲೇ ಬರುತ್ತದೆ.

ಶಿರಾಡಿಯಲ್ಲಿ ಎದೆ ಝಲ್ಲೆನಿಸುವ ಹೇರ್‌ಪಿನ್ ತಿರುವುಗಳ ಸಾಲಿಲ್ಲ. ಹೊಳೆಯ ಪಕ್ಕ ಮೆಲ್ಲಗೆ ಇಳಿಯುವ ರಸ್ತೆ ಇದು. ಮರಗಳ ನಡುವೆ ಹೋಗುವುದರಿಂದ ದೂರದ ನೋಟ ಕಡಿಮೆ, ಹತ್ತಿರದ ಕಾಡು ಜಾಸ್ತಿ. ಹೊಳೆಯ ಬಂಡೆಗಳು, ಮಳೆಗಾಲದಲ್ಲಿ ರಸ್ತೆ ಬದಿಗೇ ಧುಮುಕುವ ಝರಿಗಳು, ಎದುರು ಗುಡ್ಡದ ಮೇಲೆ ಎಳೆದಂತೆ ನಿಂತ ಮಂಜು. ತಲೆಸುತ್ತು ಬರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಒಂದು ಬೇಸರವನ್ನೂ ಹೇಳಬೇಕು. 2015 ಮತ್ತು 2018ರಲ್ಲಿ ಘಾಟಿ ರಸ್ತೆಗೆ ಕಾಂಕ್ರೀಟ್ ಹಾಕಿದರು. ಅದರಿಂದ ಓಡಾಟ ಹಗುರವಾಯಿತು. ಈಚೆಗೆ ಘಾಟಿಯ ಮೇಲ್ಭಾಗದಲ್ಲಿ ರಸ್ತೆ ಅಗಲ ಮಾಡಲು ಗುಡ್ಡಗಳನ್ನು ನೆಟ್ಟಗೆ ಕಡಿದಿದ್ದಾರೆ. ಹಸಿರು ಇದ್ದಲ್ಲಿ ಈಗ ಕೆಂಪು ಮಣ್ಣಿನ ಗೋಡೆ. 2024ರ ಜುಲೈ ಮಳೆಗೆ ದೊಡ್ಡತಪ್ಪಲು ಹತ್ತಿರ ಗುಡ್ಡ ಜಾರಿ ರಸ್ತೆ ಬಂದ್ ಆಗಿತ್ತು. ಮೊದಲ ಸಲ ನೋಡುವವರಿಗೆ ಉಳಿದಿರುವುದೇ ಸಾಕಷ್ಟು ಚೆನ್ನಾಗಿ ಕಾಣುತ್ತದೆ. ಹಿಂದೆ ನೋಡಿದವರಿಗೆ ಮಾತ್ರ ಕಳೆದುಕೊಂಡದ್ದು ಗೊತ್ತಾಗುತ್ತದೆ.

ಇದೇ ಕಣಿವೆಯ ಕಾಡಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಇದೆ. 57 ಸುರಂಗಗಳ ದಾರಿ. 2021ರ ಜುಲೈನಿಂದ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಕಾಡಿನ ಒಳಹೊಕ್ಕು ನೋಡಬೇಕೆಂದರೆ ರೈಲು ಬಸ್ಸಿಗಿಂತ ಮೇಲು, ಇದನ್ನು ಒಪ್ಪಬೇಕು. ಆದರೆ ಅದು ಎಲ್ಲ ದಿನ ಓಡುವುದಿಲ್ಲ, ಟಿಕೆಟ್ ಬೇಗ ಮುಗಿಯುತ್ತದೆ. ಮನಸ್ಸು ಬಂದ ದಿನ ಎದ್ದು ಹೊರಡುವವರಿಗೆ ಬಸ್ಸೇ ಗತಿ.

ಚಾರ್ಮಾಡಿ ಮತ್ತು ಕುದುರೆಮುಖ: ನನ್ನ ಮೊದಲ ಆಯ್ಕೆ

ನೋಟಕ್ಕೆ ಮಾತ್ರ ಅಂಕ ಕೊಡುವುದಾದರೆ ಶಿರಾಡಿಗಿಂತ ಚಾರ್ಮಾಡಿ ಬಹಳ ಮೇಲೆ. ಕೊಟ್ಟಿಗೆಹಾರದಿಂದ ಹೊರಟ ಸ್ವಲ್ಪ ಹೊತ್ತಿಗೇ ಮರಗಳು ಸರಿದು ಎದುರಿಗೆ ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು, ತಳದಲ್ಲಿ ಎಲ್ಲೋ ದಕ್ಷಿಣ ಕನ್ನಡದ ಬಯಲು. ರಸ್ತೆ ಗುಡ್ಡದ ಅಂಚಿಗೇ ಅಂಟಿಕೊಂಡು ಇಳಿಯುತ್ತದೆ. ಮಳೆಗಾಲದಲ್ಲಿ ಆಲೇಕಾನ್ ಜಲಪಾತ ರಸ್ತೆ ಪಕ್ಕದಲ್ಲೇ ಬೀಳುತ್ತದೆ.

ತೊಂದರೆ ಇರುವುದು ಹೋಗುವ ಬಗೆಯಲ್ಲಿ. ಈ ರಸ್ತೆ ಕಿರಿದು. 2019ರ ಆಗಸ್ಟ್ ಮಳೆಗೆ ಹಲವು ಕಡೆ ಕುಸಿದು ಸಂಚಾರವೇ ನಿಂತಿತ್ತು. ಅಲ್ಲಿಂದೀಚೆಗೆ ಭಾರೀ ವಾಹನಗಳ ಮೇಲೆ ಆಗಾಗ ನಿರ್ಬಂಧ ಬರುತ್ತದೆ. ಬೆಂಗಳೂರಿನಿಂದ ನೇರ ಐಷಾರಾಮಿ ಬಸ್ಸಿನಲ್ಲಿ ಹಗಲು ಹೊತ್ತು ಚಾರ್ಮಾಡಿ ಇಳಿಯುವ ಆಸೆ ಬಿಡಿ. ಚಿಕ್ಕಮಗಳೂರಿಗೋ ಮೂಡಿಗೆರೆಗೋ ಹೋಗಿ, ಅಲ್ಲಿಂದ ಉಜಿರೆ ಕಡೆಗೆ ಹೋಗುವ ಕೆಂಪು ಬಸ್ಸು (ಸಾಮಾನ್ಯ ಸರ್ಕಾರಿ ಬಸ್ಸು) ಹಿಡಿಯುವುದು ಸರಿಯಾದ ದಾರಿ. ಚಿಕ್ಕಮಗಳೂರಿನಲ್ಲಿ ರಾತ್ರಿ ಉಳಿದು ಬೆಳಗ್ಗೆ ಹೊರಟರೆ ಇನ್ನೂ ಒಳ್ಳೆಯದು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು ಮುಂದಿನ ಬಸ್ಸಿಗೆ ಹತ್ತಿದರೂ ಆಯಿತು. ಅಲ್ಲಿನ ಮಂಜು ಬೆಳಗ್ಗೆ ಒಂಬತ್ತು, ಹತ್ತರವರೆಗೂ ಕರಗದಿರಬಹುದು. ಅದಕ್ಕೆ ತೀರಾ ಬೇಗ ಘಾಟಿ ಇಳಿಯುವುದು ಬೇಡ. ಬರೀ ಬಿಳಿ ಗೋಡೆ ಕಾಣಿಸುತ್ತದೆ.

ಕೊಟ್ಟಿಗೆಹಾರದಿಂದ ಇನ್ನೊಂದು ದಿಕ್ಕಿಗೆ ಕಳಸ. ಕಳಸದಿಂದ ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಇಳಿಯುವ ದಾರಿ ಇದೆಯಲ್ಲ, ಕರ್ನಾಟಕದಲ್ಲಿ ಬಸ್ಸಿನಿಂದ ಕಾಣುವ ಬೆಟ್ಟಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಉಳಿದ ಘಾಟಿಗಳಲ್ಲಿ ನೋಟ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ದಾರಿ ಪೂರ್ತಿ ಬೆಟ್ಟಗಳ ನಡುವೆಯೇ. ಸಂಸೆಯ ಚಹಾ ತೋಟ, ಆಮೇಲೆ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲು. ಒಂದರ ಹಿಂದೆ ಒಂದು ನಿಂತ ದುಂಡು ಬೆನ್ನಿನ ಬೆಟ್ಟಗಳು. ಇವುಗಳಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ಶಿಖರವೂ ಒಂದು. ಆಮೇಲೆ ಕಾಡು ಕವಿದು ರಸ್ತೆ ಕರಾವಳಿಗೆ ಇಳಿಯುತ್ತದೆ. ಇಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು. ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಗಾಗಿ ಕಟ್ಟಿದ ಊರು ಈಗ ಬಹುತೇಕ ಖಾಲಿ. ಬಸ್ಸು ಅದರ ಪಕ್ಕವೇ ಹೋಗುತ್ತದೆ. ಕುದುರೆಮುಖ, ಸೋಮೇಶ್ವರ, ಆಗುಂಬೆ ಕಾಡುಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಂಥ ಜಾಗವನ್ನು ಬಸ್ ಟಿಕೆಟಿನಲ್ಲಿ ನೋಡಬಹುದು ಅನ್ನುವುದು ದೊಡ್ಡ ಮಾತು.

ಹೊಂದಿಸಿಕೊಳ್ಳುವುದು ಹೀಗೆ. ಬೆಂಗಳೂರಿನಿಂದ ಹೊರನಾಡು, ಕಳಸಕ್ಕೆ ರಾತ್ರಿ ಬಸ್ಸುಗಳಿವೆ. ಕೊಟ್ಟಿಗೆಹಾರ ದಾಟುವ ಹೊತ್ತಿಗೆ ಬೆಳಗಾಗುವಂತೆ ಬಸ್ಸು ಆರಿಸಿ. ಕಳಸದಲ್ಲಿ ಮುಖ ತೊಳೆದು ತಿಂಡಿ ಮುಗಿಸಿ. ಆಮೇಲೆ ಕಾರ್ಕಳ ಕಡೆ ಹೋಗುವ ಬಸ್ಸು ಹಿಡಿಯಿರಿ. ಈ ದಾರಿಯಲ್ಲಿ ಬಸ್ಸುಗಳು ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕಾಗಬಹುದು. ಸಮಯವನ್ನು ಕಳಸದ ಬಸ್ ನಿಲ್ದಾಣದಲ್ಲೇ ಕೇಳಿಕೊಳ್ಳಿ, ಮೊಬೈಲ್ ಹೇಳುವುದನ್ನು ನಂಬಿ ಕೂರಬೇಡಿ. ರಾತ್ರಿ ಅರಣ್ಯ ಇಲಾಖೆಯ ಗೇಟು ಮುಚ್ಚುವುದರಿಂದ ಈ ರಸ್ತೆಯ ಪ್ರಯಾಣವೆಲ್ಲ ಹಗಲಿನದೇ. ಬೆಟ್ಟ ನೋಡುವವರಿಗೆ ಅದೂ ಅನುಕೂಲ.

ಆಗುಂಬೆ: ತಿರುವುಗಳ ಘಾಟಿ

ಆಗುಂಬೆಯ ಹೆಸರು ದೊಡ್ಡದು. 14 ಹೇರ್‌ಪಿನ್ ತಿರುವುಗಳು, ಸುತ್ತ ಮಳೆಕಾಡು. ದಟ್ಟ ಹಸಿರು ಇಷ್ಟಪಡುವವರಿಗೆ ಇದಕ್ಕಿಂತ ಜಾಗ ಬೇಡ. ಆದರೆ ತಿಳಿದು ಹೋಗಿ: ಘಾಟಿ ಚಿಕ್ಕದು, ತಿರುವುಗಳು ಬಹಳ ಬಿಗಿ. ದೊಡ್ಡ ಬಸ್ಸು ಇಳಿಯುವುದಿಲ್ಲ. ಬೆಂಗಳೂರಿನಿಂದ ಶಿವಮೊಗ್ಗ ಅಥವಾ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಉಡುಪಿ ಕಡೆಗೆ ಹೋಗುವ ಮಿನಿ ಬಸ್ಸು ಹತ್ತಬೇಕು. ಈ ಮಿನಿ ಬಸ್ಸಿನ ಪ್ರಯಾಣವೇ ಒಂದು ಅನುಭವ. ಡ್ರೈವರ್‌ಗಳಿಗೆ ಪ್ರತಿ ತಿರುವೂ ಬಾಯಿಪಾಠ. ಆದರೆ ಕಾಲು ಚಾಚಲು ಜಾಗ ಇರುವುದಿಲ್ಲ, ದೊಡ್ಡ ಬ್ಯಾಗ್ ತಂದರೆ ಕಷ್ಟ.

ಸೂರ್ಯಾಸ್ತದ ಆಸೆಯಿಂದ ಹೋಗುವವರು ಒಂದು ಲೆಕ್ಕ ಹಾಕಬೇಕು. ಸೂರ್ಯಾಸ್ತ ನೋಡುವ ಕಟ್ಟೆ ಘಾಟಿಯ ಮೇಲ್ಭಾಗದಲ್ಲಿದೆ. ಬಸ್ಸು ಅಲ್ಲಿ ನಿಮಗಾಗಿ ಕಾಯುವುದಿಲ್ಲ. ಸೂರ್ಯಾಸ್ತ ಬೇಕೆಂದರೆ ಆಗುಂಬೆಯಲ್ಲಿ ಉಳಿಯಿರಿ, ಘಾಟಿಯನ್ನು ಮರುದಿನ ಬೆಳಗ್ಗೆ ಇಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಕಾಣುವುದೇ ಅಪರೂಪ, ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಇದೂ ಒಂದು. ಆ ಕಾಲದಲ್ಲಿ ಮಳೆಯನ್ನೇ ನೋಡಲು ಹೋಗಬೇಕು. ನನಗೆ ಆಗುಂಬೆ ಮಳೆಯಲ್ಲೇ ಚೆಂದ.

ಮಡಿಕೇರಿ ಮೇಲೆ ಸಂಪಾಜೆ

ಮಡಿಕೇರಿಗೆ ಬಸ್ಸುಗಳು ಬೇಕಾದಷ್ಟು. ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಹತ್ತುವಾಗ ಕಾಫಿ ತೋಟಗಳ ನೆರಳು. ಚೆನ್ನಾಗಿದೆ, ಆದರೆ ಅದು ತೋಟದ ನೋಟ, ಬೆಟ್ಟದ ನೋಟ ಅಲ್ಲ. ಜಾಸ್ತಿ ಜನ ಮಡಿಕೇರಿಯಲ್ಲೇ ಇಳಿದುಬಿಡುತ್ತಾರೆ. ಬೆಟ್ಟ ಬೇಕೆಂದರೆ ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋಗಬೇಕು. ಮದೆನಾಡು, ಜೋಡುಪಾಲ, ಸಂಪಾಜೆ, ಅಲ್ಲಿಂದ ಸುಳ್ಯ. 2018ರ ಆಗಸ್ಟ್‌ನಲ್ಲಿ ಇದೇ ಭಾಗದಲ್ಲಿ ಭೂಕುಸಿತವಾಗಿ ಎಷ್ಟೋ ಮನೆಗಳು ಹೋದವು. ಆ ಗಾಯದ ಗುರುತುಗಳಿರುವ ಗುಡ್ಡಗಳ ನಡುವೆ ಬಸ್ಸು ಹೋಗುತ್ತದೆ. ಸುತ್ತಲೂ ಹಸಿರು ಮತ್ತೆ ಬೆಳೆದಿದೆ. ಶಿರಾಡಿ ಬಂದ್ ಆದ ದಿನ ಮಂಗಳೂರಿಗೆ ಹೋಗಲು ಈ ದಾರಿ ಒಳ್ಳೆಯ ಪರ್ಯಾಯ. ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ.

ಊಟಿ: ಹತ್ತುವ ದಾರಿ

ಇಳಿಯುವ ಘಾಟಿಗಳನ್ನು ನೋಡಿದವರಿಗೆ ಊಟಿ ದಾರಿ ಹೊಸ ಅನುಭವ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊರಟು ಮೈಸೂರು, ನಂಜನಗೂಡು, ಗುಂಡ್ಲುಪೇಟೆ. ಅಲ್ಲಿಂದ ಬಂಡೀಪುರ. ಕಾಡು ಶುರುವಾಗುವ ಮೊದಲೇ ಎದುರಿಗೆ ನೀಲಗಿರಿ ನೀಲಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅದರ ಮೇಲಕ್ಕೇ ಹೋಗುತ್ತೇವೆ ಅಂತ ಗೊತ್ತಾದಾಗ ಮೈ ಪುಳಕಗೊಳ್ಳುತ್ತದೆ. ಬಂಡೀಪುರ, ಮುದುಮಲೆ ದಾಟುವಾಗ ಜಿಂಕೆ ಕಾಣುವುದು ಸಾಮಾನ್ಯ, ಆನೆ ಕಂಡರೆ ಅದೃಷ್ಟ. ಬೇಸಿಗೆಯಲ್ಲಿ ಎಲೆ ಉದುರಿದಾಗ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಒಂದು ಮಸಿನಗುಡಿ, ಕಲ್ಲಹಟ್ಟಿ ಮೇಲೆ, 36 ಹೇರ್‌ಪಿನ್ ತಿರುವು, ಬಲು ಕಡಿದು. ಇನ್ನೊಂದು ಗೂಡಲೂರು ಮೇಲೆ. ಬೆಂಗಳೂರಿನ ದೊಡ್ಡ ಬಸ್ಸುಗಳು ಹೋಗುವುದು ಗೂಡಲೂರಿನ ಮೇಲೆ. ದೂರ ಜಾಸ್ತಿ. ಆದರೆ ನೋಟದ ದೃಷ್ಟಿಯಿಂದ ನಾನು ಇದನ್ನೇ ಆರಿಸುತ್ತೇನೆ. ಗೂಡಲೂರು ಬಿಟ್ಟ ಮೇಲೆ ನಡುವಟ್ಟಂವರೆಗೆ ಬಸ್ಸು ಹತ್ತುತ್ತಲೇ ಇರುತ್ತದೆ. ಕೆಳಗೆ ಗೂಡಲೂರಿನ ಬಯಲು ಚಿಕ್ಕದಾಗುತ್ತ ಹೋಗುತ್ತದೆ. ಮೊದಲು ಬೆಚ್ಚಗಿನ ಕಾಡು, ಆಮೇಲೆ ಚಹಾ ತೋಟ, ಆಮೇಲೆ ನೀಲಗಿರಿ ಮರಗಳ ವಾಸನೆ, ಪೈಕಾರದ ಹತ್ತಿರ ಹುಲ್ಲಿನ ದಿಬ್ಬಗಳು. ಗುಂಡ್ಲುಪೇಟೆಯಲ್ಲಿ ಬೆವರುತ್ತಿದ್ದವರು ಇಲ್ಲಿ ಸ್ವೆಟರ್ ಹುಡುಕುತ್ತಾರೆ. ಇದೆಲ್ಲ ಒಂದೇ ಮಧ್ಯಾಹ್ನದಲ್ಲಿ.

ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಅಂಥ ರಾತ್ರಿ ಬಸ್ಸಿನಲ್ಲಿ ಹೋದರೆ ಈ ಇಡೀ ದಾರಿ ಕತ್ತಲಿಗೆ ಹೋಗುತ್ತದೆ. ಬೆಳಗ್ಗೆ ಬೇಗ ಹೊರಡುವ ಬಸ್ಸೇ ಸರಿ. 2024ರ ಮೇಯಿಂದ ಊಟಿಗೆ ಸ್ವಂತ ವಾಹನದಲ್ಲಿ ಹೋಗುವವರು ಇ-ಪಾಸ್ ಮಾಡಿಸಬೇಕು. ಸರ್ಕಾರಿ ಬಸ್ಸಿನ ಪ್ರಯಾಣಿಕರಿಗೆ ಆ ಗೊಡವೆ ಇಲ್ಲ.

ಹೆಚ್ಚು ಜನ ಯೋಚಿಸದ ಎರಡು ದಾರಿ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಾಟಿ ಬೆಂಗಳೂರಿನವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಇರಬೇಕು. 27 ಹೇರ್‌ಪಿನ್ ತಿರುವುಗಳು. ಮೇಲೆ ಹುಲಿ ಕಾಡು, ಕೆಳಗೆ ಬಣ್ಣಾರಿ. ಪಶ್ಚಿಮದ ಘಾಟಿಗಳಂತೆ ಇದು ಹಸಿರು ಮುಚ್ಚಿದ ದಾರಿ ಅಲ್ಲ. ಮರ ತೆಳು, ಬಂಡೆ ಜಾಸ್ತಿ. ಹಾಗಾಗಿಯೇ ತಮಿಳುನಾಡಿನ ಬಯಲು ಕಾಲಬುಡದಲ್ಲಿ ಹಾಸಿದ ಹಾಗೆ ದೂರದೂರದವರೆಗೆ ಕಾಣುತ್ತದೆ. ಮೈಸೂರು, ಚಾಮರಾಜನಗರದಿಂದ ಕೊಯಮತ್ತೂರು ಕಡೆಗೆ ಹೋಗುವ ಬಸ್ಸುಗಳು ಇಲ್ಲಿ ಇಳಿಯುತ್ತವೆ. ಇಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಎಲ್ಲರೂ ಕಾಯಬೇಕು, ಅಷ್ಟು ಬಿಡುವು ಇಟ್ಟುಕೊಂಡೇ ಹೋಗಿ.

ಮಲೆ ಮಹದೇಶ್ವರ ಬೆಟ್ಟ ಇನ್ನೊಂದು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು ಮೇಲೆ ನೇರ ಬಸ್ಸು. ತಾಳಬೆಟ್ಟದಿಂದ ಹತ್ತುವ ದಾರಿಯಲ್ಲಿ ಬೆಟ್ಟದ ಮೇಲೆ ಬೆಟ್ಟ. ದೇವರ ದರ್ಶನ, ಬೆಟ್ಟದ ದರ್ಶನ ಎರಡೂ ಆಗುತ್ತದೆ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಕಿಟಕಿ ಸೀಟಿನ ಮಾತು ದೂರ. ನಂದಿ ಬೆಟ್ಟದ ಬಗ್ಗೆ ಕೇಳುವವರಿದ್ದಾರೆ. ಅಲ್ಲಿ ನೋಟ ಇರುವುದು ಮೇಲೆ ಹೋಗಿ ನಿಂತಾಗ, ಬಸ್ಸಿನೊಳಗಿಂದ ಅಲ್ಲ.

ಯಾವ ಬಸ್ಸು?

ಬೆಟ್ಟ ನೋಡಲು ಎಲ್ಲಕ್ಕಿಂತ ಒಳ್ಳೆಯ ಬಸ್ಸು ಕೆಎಸ್‌ಆರ್‌ಟಿಸಿಯ ರಾಜಹಂಸ ಅಂತ ನನ್ನ ಅಭಿಪ್ರಾಯ. ಪುಶ್‌ಬ್ಯಾಕ್ ಸೀಟು, ಎಸಿ ಇಲ್ಲ, ಕಿಟಕಿ ಸರಿಸಬಹುದು. ಘಾಟಿಯ ಗಾಳಿ ಮುಖಕ್ಕೆ ಬಡಿಯಬೇಕು. ಮಣ್ಣಿನ ವಾಸನೆ, ಝರಿಯ ಸದ್ದು, ಜೀರುಂಡೆಯ ಕೂಗು ಒಳಗೆ ಬರಬೇಕು. ಗಾಜು ಮುಚ್ಚಿದ ಬಸ್ಸಿನಲ್ಲಿ ಕಣ್ಣಿಗೆ ಮಾತ್ರ ಬೆಟ್ಟ ಸಿಗುತ್ತದೆ.

ಐರಾವತದಂಥ ಎಸಿ ಬಸ್ಸಿನ ಗಾಜು ದೊಡ್ಡದು, ಸೀಟು ಎತ್ತರ, ಮೈಕೈ ನೋವಿಲ್ಲ. ದೂರದ ಊರಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದೇ ಸರಿ. ಆದರೆ ಮಳೆಗಾಲದಲ್ಲಿ ಒಂದು ತೊಂದರೆ. ಒಳಗೆ ತಣ್ಣಗೆ, ಹೊರಗೆ ತೇವದ ಗಾಳಿ. ಗಾಜಿನ ಹೊರಮೈಯಲ್ಲಿ ಹನಿ ಕಟ್ಟುತ್ತದೆ. ಒಳಗಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಘಾಟಿ ಪೂರ್ತಿ ಮಸುಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟಕ್ಕಾಗಿ ಹೋಗುವುದಾದರೆ ಎಸಿ ಬಸ್ಸು ಬೇಡ. ಪಲ್ಲಕ್ಕಿ, ಅಂಬಾರಿಯಂಥ ಸ್ಲೀಪರ್‌ಗಳು ಮಲಗುವುದಕ್ಕೆ ಮಾಡಿದವು, ಅವುಗಳಲ್ಲಿ ಬೆಟ್ಟ ಹುಡುಕಬೇಡಿ.

ಕೆಂಪು ಬಸ್ಸಿನ ಬಲ ಅಂದರೆ ಅದು ಹೋಗದ ದಾರಿ ಇಲ್ಲ. ಚಾರ್ಮಾಡಿಯಂಥ ಕಡೆ ಬೇರೆ ಗತಿಯೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಘಟ್ಟದ ಕೆಳಗಿನ ತವರಿಗೆ ಹೋಗಿಬರುವ ಎಷ್ಟೋ ಹೆಂಗಸರು ಈಗ ಹಗಲು ಹೊತ್ತಿನಲ್ಲಿ ಘಾಟಿ ನೋಡುತ್ತ ಹೋಗುತ್ತಾರೆ, ಅದು ಖುಷಿಯ ವಿಷಯ. ಆಧಾರ್‌ನಂಥ ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ, ಊಟಿಯಂಥ ಹೊರರಾಜ್ಯದ ಬಸ್ಸುಗಳಿಗೂ ಇಲ್ಲ. ಶನಿವಾರ, ಭಾನುವಾರ ಕೆಂಪು ಬಸ್ಸು ಕಿಕ್ಕಿರಿದಿರುತ್ತದೆ. ಬೆಟ್ಟ ನೋಡುವವರು ವಾರದ ನಡುವೆ ಹೋಗುವುದು ಒಳ್ಳೆಯದು.

ಹಣ, ಸುಖ, ನೋಟ ಮೂರನ್ನೂ ತೂಗಿಸಬೇಕೆಂದರೆ ದಾರಿಯನ್ನು ಎರಡು ತುಂಡು ಮಾಡಿ. ಬೆಂಗಳೂರಿನಿಂದ ಹಾಸನಕ್ಕೆ ವೇಗದ ಬಸ್ಸು, ಅದರಲ್ಲಿ ಯಾವ ಸೀಟಾದರೂ ಪರವಾಗಿಲ್ಲ. ಹಾಸನದಲ್ಲಿ ಇಳಿದು ಮಂಗಳೂರು ಕಡೆಯ ಬಸ್ಸಿಗೆ ಕಾಯಿರಿ. ಕಿಟಕಿ ಸೀಟು ಸಿಗದಿದ್ದರೆ ಆ ಬಸ್ಸು ಬಿಡಿ, ಇನ್ನೊಂದು ಬರುತ್ತದೆ.

ಯಾವ ಸೀಟು, ಯಾವ ಕಡೆ?

ಎಡವೋ ಬಲವೋ ಅನ್ನುವುದು ಘಾಟಿಯ ಮೇಲೆ ನಿಂತಿದೆ. ಆಗುಂಬೆ, ದಿಂಬಂನಂಥ ಹೇರ್‌ಪಿನ್ ದಾರಿಯಲ್ಲಿ ಪ್ರತಿ ತಿರುವಿಗೂ ಕಣಿವೆ ಬದಿ ಬದಲಾಗುತ್ತದೆ. ಎಲ್ಲಿ ಕೂತರೂ ಸಮ. ಶಿರಾಡಿಯಂಥ ಹೊಳೆ ಪಕ್ಕದ ದಾರಿಯಲ್ಲಿ ಹಾಗಲ್ಲ, ಒಂದು ಬದಿಗೆ ಗುಡ್ಡದ ಗೋಡೆ, ಇನ್ನೊಂದು ಬದಿಗೆ ಕಣಿವೆ. ಟಿಕೆಟ್ ತೆಗೆಯುವ ಮೊದಲು ಮೊಬೈಲ್‌ನಲ್ಲಿ ಮ್ಯಾಪ್ ತೆರೆದು ಹೊಳೆ ರಸ್ತೆಯ ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಆ ಕಡೆಯ ಸೀಟು ಆರಿಸಿ. ಎರಡು ನಿಮಿಷದ ಕೆಲಸ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಂಗಳೂರಿಗೆ ಹೋಗುವಾಗ ಎಡಗಡೆ ಬಿಸಿಲು. ಗುಂಡ್ಲುಪೇಟೆಯಿಂದ ಊಟಿ ದಿಕ್ಕಿಗೆ ಬೆಳಗ್ಗೆ ಹೋದರೆ ಆಗಲೂ ಎಡಗಡೆಯೇ. ಬಿಸಿಲಿಗೆ ಪರದೆ ಎಳೆದು ಕೂತರೆ ಕಿಟಕಿ ಸೀಟಿದ್ದೂ ಪ್ರಯೋಜನ ಇಲ್ಲ ಅಲ್ವಾ?

ಮುಂದಿನ ಸಾಲುಗಳು ಒಳ್ಳೆಯವು. ಎದುರಿನ ದೊಡ್ಡ ಗಾಜಿನಿಂದ ಬರುವ ತಿರುವೂ ಕಾಣುತ್ತದೆ, ಹೊಟ್ಟೆ ತೊಳಸುವುದೂ ಕಡಿಮೆ. ಹಿಂದಿನ ಚಕ್ರದ ಮೇಲಿನ ಸೀಟು, ಕೊನೆಯ ಸಾಲು ಬೇಡ. ಕಿಟಕಿ ಸೀಟು ಅಂತ ಬುಕ್ ಮಾಡಿದರೂ ಕೆಲವು ಸಾಲಿಗೆ ಎರಡು ಕಿಟಕಿಯ ನಡುವಿನ ಕಂಬವೇ ಸಿಗುತ್ತದೆ. ಹತ್ತಿದ ಕೂಡಲೇ ನೋಡಿ, ಖಾಲಿ ಇದ್ದರೆ ಕಂಡಕ್ಟರ್‌ಗೆ ಹೇಳಿ ಬದಲಿಸಿಕೊಳ್ಳಿ. ವಾಂತಿಯ ಭಯ ಇರುವವರು ಹೊಟ್ಟೆ ತುಂಬ ತಿಂದು ಘಾಟಿ ಇಳಿಯಬೇಡಿ. ಮೊಬೈಲ್ ಒಳಗಿಡಿ, ದೂರದ ಗುಡ್ಡ ನೋಡುತ್ತಿರಿ. ಕಿವಿ ಕಟ್ಟಿದರೆ ಎಂಜಲು ನುಂಗಿದರೆ ಸಾಕು.

ಯಾವ ತಿಂಗಳು?

ಜುಲೈ, ಆಗಸ್ಟ್‌ನಲ್ಲಿ ಝರಿಗಳು, ಮಂಜು, ಕಣ್ಣು ತುಂಬುವ ಹಸಿರು. ಆದರೆ ಗುಡ್ಡ ಕುಸಿಯುವುದೂ ಆಗಲೇ. ಘಾಟಿ ಮುಚ್ಚಿದರೆ ಬಸ್ಸು ಸುತ್ತು ಹೊಡೆಯುತ್ತದೆ, ಇಲ್ಲವೇ ರದ್ದಾಗುತ್ತದೆ. ಹೊರಡುವ ಹಿಂದಿನ ದಿನ ಆಯಾ ಜಿಲ್ಲಾಡಳಿತದ ಆದೇಶ ಏನಿದೆ ಅಂತ ಸುದ್ದಿಯಲ್ಲಿ ನೋಡಿ, ಬಸ್ ನಿಲ್ದಾಣದ ವಿಚಾರಣೆ ಕೌಂಟರ್‌ನಲ್ಲೂ ಕೇಳಿ. ಮರುದಿನ ಮುಖ್ಯ ಕೆಲಸ ಇಟ್ಟುಕೊಂಡು ಈ ತಿಂಗಳುಗಳಲ್ಲಿ ಹೋಗಬೇಡಿ.

ಒಂದೇ ಸಲ ಹೋಗುವವರಿಗೆ ನಾನು ಹೇಳುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಮಳೆ ತೊಳೆದ ಗಾಳಿ, ಝರಿಗಳಲ್ಲಿ ಇನ್ನೂ ನೀರು, ದೂರದ ಗುಡ್ಡದ ಗೆರೆಯೂ ಸ್ಪಷ್ಟ. ಚಾರ್ಮಾಡಿ, ಕುದುರೆಮುಖದ ಹುಲ್ಲು ಆಗಿನ್ನೂ ಹಸಿರಾಗಿರುತ್ತದೆ. ಡಿಸೆಂಬರ್, ಜನವರಿ ಊಟಿಗೆ ಚೆನ್ನ. ಮಾರ್ಚ್ ಬಂದರೆ ದೂರವೆಲ್ಲ ಧೂಳಿನಲ್ಲಿ ಮಸುಕು. ಆದರೆ ಆ ಹೊತ್ತಿಗೆ ಒಂದು ಒಳ್ಳೆ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳು ಬೆಳ್ಳಗೆ ಹೂ ಬಿಡುತ್ತವೆ. ಕಿಟಕಿ ತೆಗೆದ ಬಸ್ಸಿನೊಳಕ್ಕೆ ಆ ಪರಿಮಳ ಬರುತ್ತದೆ.

ವಾಪಸು ಬರುವುದನ್ನೂ ಹಗಲಿಗೇ ಇಟ್ಟುಕೊಳ್ಳಿ. ಇಳಿದ ಘಾಟಿಯನ್ನೇ ಹತ್ತುವಾಗ ಬಸ್ಸು ಕೆಳಗಿನ ಗೇರಿನಲ್ಲಿ ನಿಧಾನ ಹೋಗುತ್ತದೆ, ನೋಡಲು ಹೊತ್ತು ಜಾಸ್ತಿ ಸಿಗುತ್ತದೆ. ಬೆಳಗ್ಗೆ ಮಂಗಳೂರು ಬಿಟ್ಟರೆ ಪೂರ್ವದ ಬಿಸಿಲು ಎದುರಿಗೆ ಬಂದು ಕಣ್ಣು ಕುಕ್ಕುತ್ತದೆ. ಮಧ್ಯಾಹ್ನ ಹನ್ನೆರಡು, ಒಂದರ ಬಸ್ಸಾದರೆ ಘಾಟಿಗೆ ಬರುವಾಗ ಸೂರ್ಯ ಬೆನ್ನ ಹಿಂದಿರುತ್ತಾನೆ, ಎದುರಿನ ಗುಡ್ಡಕ್ಕೆಲ್ಲ ಬೆಳಕು. ಬೆಂಗಳೂರು ತಲುಪುವುದು ರಾತ್ರಿ ತಡವಾಗುತ್ತದೆ. ಮೆಜೆಸ್ಟಿಕ್‌ನಿಂದ ಮನೆಗೆ ಮೆಟ್ರೊ ಸಿಗುವಷ್ಟು ಸಮಯ ಇಟ್ಟುಕೊಂಡು ಬಸ್ಸು ಬುಕ್ ಮಾಡಿ.